ಕ್ಲಚ್ ಇಲ್ಲದ ಗಾಡಿ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಯೊಂದಕ್ಕೆ ಪ್ರಿಂಟರಿನ ಕೇಬಲ್ ಹುಡುಕಿಕೊಂಡು ಹೋಗಿದ್ದೆ. ಮೂಲೆಯಲ್ಲಿ ಕೀಬೋರ್ಡುಗಳ ರಾಶಿಯ ಮೇಲೆ ಒಂದು ಪ್ಲಾಸ್ಟಿಕ್ ಸ್ಟೇರಿಂಗ್ ಬಿದ್ದಿತ್ತು. ಆಟಕ್ಕೆಂದು ಕಂಪ್ಯೂಟರಿಗೆ ಜೋಡಿಸುವಂಥದ್ದು. ಮೇಜಿಗೆ ಕಚ್ಚಿಕೊಳ್ಳಲೆಂದು ತಳದಲ್ಲಿ ರಬ್ಬರಿನ ನಾಲ್ಕು ಬಟ್ಟಲುಗಳಿದ್ದವು. ಎತ್ತಿಕೊಂಡೆ. ಹಳೆಯ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. "ಎಡಕ್ಕ ತಿರಗೂದಿಲ್ರಿ ಅದು, ಬಲಕ್ಕಷ್ಟ" ಅಂದ ಅಂಗಡಿಯವನು. ಕೇಬಲ್ ಕೊಳ್ಳುವುದನ್ನೂ ಮರೆತು ಹೊರಗೆ ಬಂದು ನಿಂತೆ. ಬ್ಯಾಡಗಿಯ ನಮ್ಮ ಓಣಿ, ನಮ್ಮ ಎದುರು ಮನೆ, ಆ ಮನೆಯ ಕಾಕಾ...

ಸಂಬಂಧದಲ್ಲಿ ಅವರು ನಮಗೇನೂ ಆಗಬೇಕಾಗಿರಲಿಲ್ಲ. ಓಣಿಗೆಲ್ಲ ಕಾಕಾ, ಹಾಗಾಗಿ ನನಗೂ ಕಾಕಾ. ಮೂವತ್ತು ವರ್ಷ ಲಾರಿ ಓಡಿಸಿದವರು. ಮೆಣಸಿನಕಾಯಿ ಚೀಲ ಹೇರಿಕೊಂಡು ಮುಂಬೈ, ಅಹಮದಾಬಾದ್, ಇಂದೋರ್ ಎಂದು ಹೊರಟರೆ ಹದಿನೈದು ದಿನ, ಒಮ್ಮೊಮ್ಮೆ ತಿಂಗಳು. ನಾನು ಸಣ್ಣವಳಿದ್ದಾಗ ಅವರು ಮನೆಯಲ್ಲಿದ್ದದ್ದು ನೆನಪೇ ಇಲ್ಲ. ನೆನಪಿರುವುದು ಅವರ ಹೆಂಡತಿ, ನಾವು ಕಾಕಿ ಎನ್ನುತ್ತಿದ್ದವರು, ಕಟ್ಟೆಯ ಮೇಲೆ ಒಬ್ಬರೇ ಕೂತು ಹಳೆಯ ಸೀರೆ ತುಂಡುಗಳ ಕೌದಿ ಹೊಲಿಯುತ್ತಿದ್ದದ್ದು. ಮಕ್ಕಳಿರಲಿಲ್ಲ. ಒಂದು ವರ್ಷ ಕಾಕಿ ರಾಣೆಬೆನ್ನೂರು ಹತ್ತಿರದ ಹಲಗೇರಿಗೆ, ತಮ್ಮನ ಮನೆಗೆ ಹೋದರು. ಜಗಳವಿರಲಿಲ್ಲ, ಕೂಗಾಟವಿರಲಿಲ್ಲ. ಹೋದವರು ತಿರುಗಿ ಬರಲಿಲ್ಲ, ಅಷ್ಟೆ. ಬೀಗದ ಕೈ ನಮ್ಮ ಅವ್ವನ ಹತ್ತಿರ ಕೊಟ್ಟು ಹೋಗಿದ್ದರು. ಎಂಟು ದಿನದ ಮೇಲೆ ಕಾಕಾ ಬಂದು ಅದನ್ನು ಇಸಿದುಕೊಂಡು, ಬಾಗಿಲು ತೆರೆದು, ಸ್ನಾನ ಮಾಡಿ, ಮರುದಿನ ಮತ್ತೆ ಲೋಡಿಗೆ ಹೋದರು.

ಕೆಲವು ವರ್ಷಗಳ ನಂತರ ಸಕ್ಕರೆ ಕಾಯಿಲೆ ಅವರ ಎಡಗಾಲಿಗೆ ಬಂತು. ಹೆಬ್ಬೆರಳಿನ ಸಣ್ಣ ಗಾಯ ಮಾಯಲಿಲ್ಲ. ಕೊನೆಗೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಅರವತ್ತು ಕೂಡ ಆಗಿರಲಿಲ್ಲ ಅವರಿಗೆ. ಲಾರಿ ಮಾರಿದರು. ಕಂಕುಳಲ್ಲಿ ಕೋಲು ಊರಿಕೊಂಡು, ಜೀವಮಾನದಲ್ಲಿ ಮೊದಲ ಸಲ ಮನೆಯಲ್ಲಿ ಇರಲೆಂದು ಮನೆಗೆ ಬಂದರು. ಮನೆಯಲ್ಲಿ ಯಾರೂ ಇರಲಿಲ್ಲ.

ಆ ದಿನಗಳಲ್ಲಿ ನಾನು ಡಿಪ್ಲೊಮಾ ಮುಗಿಸಿ ರಾಣೆಬೆನ್ನೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಿಡಿ ಭಾಗಗಳನ್ನು ತರಿಸಿ, ಗಿರಾಕಿ ಕೇಳಿದಂತೆ ಜೋಡಿಸಿ ಕೊಡುವ ಅಂಗಡಿ ಅದು. ಒಂದು ಸಂಜೆ ಬಸ್ಸಿಳಿದು ಬರುವಾಗ ಕಾಕಾ ಕಟ್ಟೆಯಿಂದ ಕರೆದರು.

"ಯವ್ವಾ, ಹಾವೇರಿ ಬಸ್‌ಸ್ಟ್ಯಾಂಡ್ ಹತ್ರ ನೆಟ್ ಸೆಂಟರಿನ್ಯಾಗ ನೋಡಿದೆ. ಕಂಪ್ಯೂಟರಿನ್ಯಾಗ ಲಾರಿ ಹೊಡ್ಯಾಕತ್ತಿದ್ರು. ಕೈಯಾಗ ಖರೇ ಸ್ಟೇರಿಂಗ್! ಕೆಳಗ ಎರಡ ಪೆಡಲ್ ಇದ್ವು."

"ಹೌದ್ರಿ ಕಾಕಾ. ಒಂದು ಎಕ್ಸಲೇಟರ್, ಒಂದು ಬ್ರೇಕ್."

"ಕ್ಲಚ್ಚ?"

"ಕ್ಲಚ್ ಇರೂದಿಲ್ರಿ."

ಅವರು ಕ್ಲಚ್ ತುಳಿಯುತ್ತಿದ್ದ ತಮ್ಮ ಎಡಗಾಲು ಇರಬೇಕಾದ ಜಾಗವನ್ನು ಒಮ್ಮೆ ನೋಡಿಕೊಂಡರು. "ಇರೂದ ಇಲ್ಲ?" ಎಂದು ಮತ್ತೆ ಕೇಳಿದರು. ಆಮೇಲೆ ನಕ್ಕರು. ಕಾಲು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. "ಹಂಗಾರ ನನಗೊಂದು ಕಟ್ಟಿ ಕೊಡು" ಅಂದರು.

ಮರುದಿನವೇ ಬಸ್ಸು ಹತ್ತಿ ಅಂಗಡಿಗೆ ಬಂದರು. ತಮ್ಮಲ್ಲಿ ದುಡ್ಡು ಎಷ್ಟಿದೆ ಎಂದು ಹೇಳಿ, "ಇದರಾಗ ಆಗಬೇಕು, ಇದರಾಗ ಸ್ವಲ್ಪ ಉಳೀಬೇಕು. ಉಳದದ್ದಕ್ಕ ನಂದು ಬ್ಯಾರೆ ಕೆಲಸ ಐತಿ" ಅಂದರು. ಮಾಲಕರು ಅವರಿಗೆ ಚಹಾ ತರಿಸಿ, ನಗುನಗುತ್ತ ಪಟ್ಟಿ ಬರೆದರು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಪ್ರೊಸೆಸರ್. ನೀಲಿ ದೀಪ ಉರಿಯುವ ಗಾಜಿನ ಕ್ಯಾಬಿನೆಟ್. ಮೆಮೊರಿ ದೊಡ್ಡದೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ ಒಂದು ಗ್ರಾಫಿಕ್ಸ್ ಕಾರ್ಡ್. ಅದು ಆರು ತಿಂಗಳಿಂದ ಮಾರಾಟವಾಗದೆ ಕಪಾಟಿನಲ್ಲಿ ಕೂತಿತ್ತು. ಎಲ್ಲಕ್ಕೂ ಕರೆಂಟು ಹಂಚುವ ಎಸ್ಎಂಪಿಎಸ್ ಮಾತ್ರ ಹೆಸರಿಲ್ಲದ ಅಗ್ಗದ ಡಬ್ಬಿ. ನಾನು ಮಾಲಕರ ಹಿಂದೆ ನಿಂತು ನೋಡುತ್ತಿದ್ದೆ. ಬಾಯಿ ಬಿಡುವ ಹಾಗಿರಲಿಲ್ಲ. ಕಾಕಾ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು, ಬಾಗಿಲಲ್ಲಿ ಒಂದು ಸಲ ನನ್ನ ಮುಖ ನೋಡಿ ಹೋದರು.

ಆ ಸಂಜೆ ಮನೆಗೂ ಹೋಗದೆ ನೇರ ಅವರ ಕಟ್ಟೆಗೆ ಹೋದೆ. "ಆ ಪಟ್ಟಿ ಬ್ಯಾಡ್ರಿ ಕಾಕಾ" ಅಂದೆ. ಒಂದೊಂದನ್ನೂ ಹೇಗೆ ತಿಳಿಸಿ ಹೇಳಲಿ ಎಂದು ನನಗೆ ಅಂಜಿಕೆಯಿತ್ತು. ಅಂಜಬೇಕಾಗಿರಲಿಲ್ಲ. ಮೂವತ್ತು ವರ್ಷ ಗಾಡಿಯ ಜೊತೆ ಬಾಳಿದವರಿಗೆ ಯಂತ್ರ ಎಂದರೆ ಏನೆಂದು ನಾನು ಹೇಳಿಕೊಡುವುದು ಏನೂ ಇರಲಿಲ್ಲ.

ಆಟದ ಚಿತ್ರವನ್ನು ಓಡಿಸುವುದು ಗ್ರಾಫಿಕ್ಸ್ ಕಾರ್ಡು, ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಗಬೇಕು, ಪ್ರೊಸೆಸರ್ ಮಧ್ಯಮದ್ದಾದರೆ ಸಾಕು ಅಂದೆ. ಕಾರ್ಡಿನ ಮೇಲೆ ಬರೆದ ಮೆಮೊರಿಯ ಅಂಕಿ ನೋಡಿ ಮೋಸ ಹೋಗಬಾರದು, ಒಳಗಿನ ಚಿಪ್ ನಿಧಾನದ್ದಾದರೆ ಅಂಕಿ ಎಷ್ಟಿದ್ದರೂ ಪ್ರಯೋಜನವಿಲ್ಲ ಅಂದೆ.

"ಡೀಸೆಲ್ ಟಾಕಿ ದೊಡ್ಡದಿದ್ರ ಗಾಡಿ ಜೋರ ಓಡತೈತೇನು?" ಅಂದರು ಕಾಕಾ. "ಮುಂದ ಹೇಳು."

ಎಸ್ಎಂಪಿಎಸ್ ಮಾತ್ರ ಒಳ್ಳೆಯದೇ ಬೇಕು, ಅದು ಕೆಟ್ಟರೆ ತಾನೊಂದೇ ಕೆಡುವುದಿಲ್ಲ, ಜೊತೆಗಿದ್ದದ್ದನ್ನೂ ಸುಡುತ್ತದೆ ಅಂದೆ. ನಮ್ಮೂರಿನ ಕರೆಂಟಿಗೆ ಒಂದು ಯುಪಿಎಸ್ ಬೇಕೇ ಬೇಕು. ರ್‍ಯಾಮ್ ಒಂದು ಜಿಬಿ ಸಾಕು, ಮುಂದೆ ಬೇಕೆನಿಸಿದರೆ ಹಾಕಲು ಮದರ್‌ಬೋರ್ಡಿನಲ್ಲಿ ಜಾಗ ಖಾಲಿ ಇರಲಿ. ತೆಳ್ಳನೆಯ ಹೊಸ ಮಾನಿಟರಿನ ಆಸೆ ಬೇಡ, ಹದಿನೇಳು ಇಂಚಿನ ಗುಡಾಣದಂಥ ಹಳೇ ಬಗೆಯದೇ ಅಗ್ಗ, ಆಟಕ್ಕೂ ಅದೇ ಚೆಂದ. ದೀಪದ ಕ್ಯಾಬಿನೆಟ್ ಅಂತೂ...

"ಅದನ್ನ ನಾನ ಹೇಳ್ತೇನಿ ತಗೋ" ಅಂದರು. "ಲಾರಿಗೆ ಜರತಾರಿ ಗೊಂಡೆ ಕಟ್ಟಿ ಬ್ರೇಕಿಗೆ ರೊಕ್ಕ ಇಲ್ಲ ಅಂದಾವರನ್ನ ಘಾಟಿನ್ಯಾಗ ನೋಡೇನಿ. ಕೆಳಗ ಬಿದ್ದಾಗ ನೋಡೇನಿ."

ಮರುದಿನ ಕಾಕಾ ನಾನು ಬರೆದುಕೊಟ್ಟ ಪಟ್ಟಿಯನ್ನು ಮಾಲಕರ ಮುಂದಿಟ್ಟರು. ಮಾಲಕರು ಅಕ್ಷರ ನೋಡಿದರು. ನನ್ನ ಅಕ್ಷರ ಅವರಿಗೆ ಗೊತ್ತಿತ್ತು. ಕಾಕಾನ ಎದುರು ಏನೂ ಹೇಳಲಿಲ್ಲ. ಅವರು ಹೋದ ಮೇಲೆ, "ನೀ ನನ್ನ ಅಂಗಡ್ಯಾಗ ಕೆಲಸಕ್ಕದಿಯೋ, ಗಿರಾಕಿ ಮನ್ಯಾಗೋ?" ಅಂದರು. ಇನ್ನೊಮ್ಮೆ ಹೀಗಾದರೆ ಬರುವುದು ಬೇಡ ಅಂದರು. ಆ ಕೆಲಸ ನಮ್ಮ ಮನೆಗೆ ಬೇಕಾಗಿತ್ತು. ನಾನು ತಲೆ ತಗ್ಗಿಸಿ ನಿಂತೆ. ಆದರೆ ಒಳಗೊಳಗೆ, ಸುಳ್ಳೇಕೆ, ಹಿಗ್ಗಿತ್ತು. ಓದಿದ ವಿದ್ಯೆ ಒಬ್ಬ ಮನುಷ್ಯನ ಉಪಯೋಗಕ್ಕೆ ಬಂತು ಎನ್ನುವ ಹಿಗ್ಗು.

ಭಾನುವಾರ ಅವರ ಮನೆಯಲ್ಲೇ ಕೂತು ಜೋಡಿಸಿದೆ. ಸ್ಟೇರಿಂಗ್ ಮೇಜಿಗೆ ಕಚ್ಚಿಸಿ, ಪೆಡಲುಗಳನ್ನು ಅವರ ಬಲಗಾಲಿಗೆ ಎಟುಕುವಂತೆ ಇಟ್ಟೆ. ತೆರೆಯ ಮೇಲೆ ಯಾವುದೋ ದೇಶದ ರಸ್ತೆ ಬಂತು. ಕಾಕಾ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟರು. ಆಮೇಲೆ ಬಲಗಾಲನ್ನು ಮೆಲ್ಲಗೆ ಒತ್ತಿದರು. ಇಲ್ಲದ ಎಡ ಪಾದವನ್ನು ಊರಲು ಅವರ ತೊಡೆ ತಾನಾಗಿ ಕದಲಿತು. ಅದನ್ನು ಅವರೂ ಗಮನಿಸಿದರು, ನಾನೂ ಗಮನಿಸಿದೆ. ಲಾರಿ ಹೊರಟಿತು.

ಆಮೇಲಿನ ಮೂರ್ನಾಲ್ಕು ತಿಂಗಳು ನಾನು ಕೆಲಸದಿಂದ ಬರುವ ಹೊತ್ತಿಗೆ ಎದುರು ಮನೆಯಿಂದ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಒಮ್ಮೊಮ್ಮೆ ಹೋಗಿ ನಿಂತು ನೋಡುತ್ತಿದ್ದೆ. ಅವರ ಕೈ ಎಷ್ಟು ಹಗುರಾಗಿ ತಿರುಗುತ್ತಿತ್ತೆಂದರೆ ಅದು ಆಟ ಎನ್ನುವುದು ಮರೆತುಹೋಗುತ್ತಿತ್ತು. ಆದರೆ ದಿನ ಕಳೆದಂತೆ ಅವರ ಮಾತು ಕಡಿಮೆಯಾಯಿತು. "ರೋಡ್ ಛಲೋ ಅದಾವ" ಅಂದರು ಒಂದು ದಿನ. "ಆದ್ರ ಒಂದು ಚಾದಂಗಡಿ ಇಲ್ಲ. ಎದುರು ಬರಾವ ಒಬ್ಬನೂ ಕೈ ಎತ್ತೂದಿಲ್ಲ. ಎಷ್ಟ ದೂರ ಹೋದ್ರೂ ಒಬ್ಬರೂ ಇಲ್ಲ ನೋಡು..."

ಅಷ್ಟರಲ್ಲಿ ಅವರ ಮೇಜಿನ ಬಳಿ ಹೊಸ ಕುರ್ಚಿಯೊಂದು ಬಂದಿತ್ತು. ಮೆತ್ತನೆಯ ಸೀಟು, ಕೈಯಿಡಲು ತೋಳು. ಕಾಕಾನದು ಹಳೆಯ ಕಟ್ಟಿಗೆಯ ಕುರ್ಚಿಯೇ. ಹೊಸದನ್ನು ತಮ್ಮ ಎಡಕ್ಕೆ ಇಟ್ಟಿದ್ದರು. ನಾನು ಕೂರಲು ಹೋದೆ. "ಅಲ್ಲಿ ಬ್ಯಾಡವಾ, ಈ ಸ್ಟೂಲ್ ತಗೋ" ಅಂದರು. ನನ್ನ ಮುಖ ನೋಡಿ ಅವರಿಗೇ ಕೆಡುಕೆನಿಸಿರಬೇಕು. ಆಟ ನಿಲ್ಲಿಸಿದರು. ಉಳಿಸಿದ ದುಡ್ಡಿನಲ್ಲಿ ತಂದದ್ದು ಅದು ಎಂದು ಹೇಳಿದರು.

ಕಾಕಿ ಮದುವೆಯಾದ ಹೊಸತರಲ್ಲಿ ಒಂದೇ ಒಂದು ಕೇಳಿದ್ದರಂತೆ. ಒಮ್ಮೆ ಗಾಡಿಯಲ್ಲಿ ಜೊತೆಗೆ ಕರೆದುಕೊಂಡು ಹೋಗಿರಿ, ಮುಂಬೈ ಬೇಡ, ಇಲ್ಲೇ ಗಳಗನಾಥದ ತನಕ ಆದರೂ ಸಾಕು, ಎರಡು ನದಿ ಕೂಡುವುದನ್ನು ನೋಡಿ ಬರೋಣ ಎಂದು. ಮುಂದಿನ ಟ್ರಿಪ್ಪಿಗೆ ಅಂದಿದ್ದರು ಕಾಕಾ. ಹಾಗೆ ಮೂವತ್ತು ವರ್ಷ ಆಯಿತು.

"ನೀ ದಿನಾ ರಾಣೆಬೆನ್ನೂರಿಗೆ ಹೋಗ್ತಿ. ಹಲಗೇರಿ ಅಲ್ಲೇ ಐತಲ್ಲ" ಅಂದರು, ತೆರೆಯನ್ನೇ ನೋಡುತ್ತ. "ಒಮ್ಮಿ ಬಂದು ಕುಂದ್ರು ಅಂದಾರ ಅಂತ ಹೇಳ್ತಿಯೇನವಾ? ಇರೂದು ಬ್ಯಾಡ. ಬಂದು ಕುಂತು ಹೋದ್ರ ಸಾಕು."

ನಾನು ಹೋದೆ. ಕಾಕಿ ತಮ್ಮನ ಮನೆಯ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, ಅವಲಕ್ಕಿ ಕೊಟ್ಟು, ಕಾಕಾನ ಕಾಲು ನೋವು ಇನ್ನೂ ಇದೆಯೇ, ಊಟ ಯಾರು ಮಾಡುತ್ತಾರೆ ಎಂದೆಲ್ಲ ಕೇಳಿದರು. ನಾನು ಕಂಪ್ಯೂಟರಿನ ವಿಷಯ ಹೇಳಿದೆ. ಅದನ್ನು ಜೋಡಿಸಿದವಳು ನಾನೇ ಎಂದು ಹೆಮ್ಮೆಯಿಂದಲೇ ಹೇಳಿದೆ. ಕುರ್ಚಿಯ ವಿಷಯವನ್ನೂ ಹೇಳಿದೆ. ಅವರು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಕೌದಿಯನ್ನು ಪಕ್ಕಕ್ಕೆ ಸರಿಸಿದರು.

"ನಾ ಮನ್ಯಾಗಿದ್ದಾಗ ಅವರು ಗಾಡ್ಯಾಗಿದ್ರು" ಅಂದರು. "ಈಗ ಅವರು ಮನ್ಯಾಗ ಅದಾರ. ಆದ್ರೂ ಗಾಡ್ಯಾಗ ಅದಾರ. ನಾ ಎಲ್ಲಿಗೆ ಬರ್ಲಿ ಹೇಳು?"

ಆ ಗಾಡಿಯನ್ನು ಕಟ್ಟಿಕೊಟ್ಟವಳು ನಾನು. ಹೊರಡುವಾಗ ಕಾಕಿ ಬಾಗಿಲ ತನಕ ಬಂದು, "ನಾ ಅಂದದ್ದನ್ನ ಅವರ ಮುಂದ ಹೇಳಬ್ಯಾಡವಾ, ನೊಂದ್ಕೊಂತಾರ" ಅಂದರು.

ಕಾಕಾ ಕಟ್ಟೆಯ ಮೇಲೆ ಕಾಯುತ್ತಿದ್ದರು. ಅವತ್ತು ಇಂಜಿನ್ನಿನ ಸದ್ದಿರಲಿಲ್ಲ. ತೊಳೆದ ಅಂಗಿ ಹಾಕಿಕೊಂಡಿದ್ದರು.

"ಬಾಗಿಲಾ ಹಾಕಿತ್ರಿ ಕಾಕಾ. ಯಾರೂ ಇರಲಿಲ್ಲ" ಅಂದೆ.

"ಹೌದೇನು..." ಅಂದರು. "ಇರ್ಲಿ ಬಿಡು. ಮತ್ತೊಮ್ಮಿ ಹೋದಿಯಂತ."

ನಾನು ಮತ್ತೆ ಹೋಗಲಿಲ್ಲ. ಅವರೂ ಮತ್ತೆ ಹೇಳಲಿಲ್ಲ. ಎದುರು ಮನೆಯಲ್ಲಿ ಇಂಜಿನ್ ಸದ್ದು ವಾರಕ್ಕೊಮ್ಮೆ ಆಯಿತು, ಆಮೇಲೆ ನಿಂತೇಹೋಯಿತು. ಮುಂದಿನ ವರ್ಷ ನಾನು ಮದುವೆಯಾಗಿ ಗದಗಿಗೆ ಹೋದೆ. ಎರಡು ವರ್ಷ ಕಳೆದಿರಬೇಕು, ಒಂದು ಬೆಳಿಗ್ಗೆ ಅವ್ವ ಫೋನ್ ಮಾಡಿ ಕಾಕಾ ಹೋದರು ಅಂದಳು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕಿ ಬಂದಿದ್ದರು. ಒಂದು ಕಾಲಕ್ಕೆ ತಮ್ಮದಾಗಿದ್ದ ಮನೆಯಲ್ಲಿ, ಬಂದುಹೋಗುವವರ ನಡುವೆ, ಗೋಡೆಗೆ ಆತು ಕೂತಿದ್ದರು. ಜನ ಕರಗಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ನೀ ಬಂದು ಹೋದ ಮರುದಿನ ಅವರು ಫೋನ್ ಮಾಡಿದ್ರು" ಅಂದರು. "ಹುಡುಗಿ ಬಂದಿದ್ಲಂತ, ಬಾಗಿಲಾ ಹಾಕಿತ್ತಂತಲ್ಲ ಅಂದ್ರು. ನಾ ಹೌದ್ರಿ, ಕಾಗಿನೆಲಿಗೆ ಹೋಗಿದ್ದೆ ಅಂದೆ."

"ಆಮ್ಯಾಲ?"

"ಆಮ್ಯಾಲ ಏನಿಲ್ಲ. ಅವರೂ ಸುಮ್ನ, ನಾನೂ ಸುಮ್ನ. ಇಬ್ರೂ ಫೋನ್ ಹಿಡಕೊಂಡ ಕುಂತ್ವಿ. ಬಾಳೊತ್ತಾದ ಮ್ಯಾಲ, ಇಡ್ತೇನಿ ಅಂದ್ರು. ಇಟ್ರು."

ಅದೇ ಅವರಿಬ್ಬರ ಕೊನೆಯ ಮಾತಂತೆ.

ಈಗ ನನಗೆ ನಲವತ್ತು ದಾಟಿದೆ. ಕಾಕಿಯೂ ಇಲ್ಲ. ಬ್ಯಾಡಗಿಯ ಆ ಮನೆಯನ್ನು ಕೊಂಡವರು ಕಟ್ಟೆ ಒಡೆದು ಗೇಟು ಹಾಕಿಸಿದ್ದಾರೆ. ಬಾಗಿಲು ಹಾಕಿತ್ತು ಎಂದದ್ದು ಕಾಕಾ ನೊಂದುಕೊಳ್ಳದಿರಲೆಂದು ಹೇಳಿದ ಸುಳ್ಳು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಕಾಕಾನನ್ನು ನಾನು ಬಲ್ಲೆ. "ನಾ ಎಲ್ಲಿಗೆ ಬರ್ಲಿ" ಎಂದ ಕಾಕಿಯ ಆ ಮಾತನ್ನು ಇದ್ದಂತೆ ತಂದು ಮುಟ್ಟಿಸಿದ್ದರೆ ಅವರು ಮೊದಲು ನೊಂದುಕೊಳ್ಳುತ್ತಿದ್ದರು, ಆಮೇಲೆ "ಖರೇ ಐತಲ್ಲ" ಎಂದು ನಗುತ್ತಿದ್ದರು. ಯಂತ್ರ ಬಂದ್ ಮಾಡಿ, ಕೋಲು ಹುಡುಕಿ, ಹಲಗೇರಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ಕೇಳಿದ್ದರೆ ಹೇಳುತ್ತಿದ್ದೆ... ಮುಂಜಾನೆ ರಾಣೆಬೆನ್ನೂರಿಗೆ ನಾನು ಹೋಗುವ ಬಸ್ಸಿಗೇ ಬರ್ರಿ ಕಾಕಾ, ಅಲ್ಲಿಂದ ಹತ್ತಿಸಿ ಕಳಿಸ್ತೇನಿ, ಎಂದು.