ಜವಳಗಿರಿಯ ಗೂಡು

ಮೊನ್ನೆ ನಮ್ಮ ಬೀದಿಯ ಚರಂಡಿಗೆ ಸುಣ್ಣ, ಬ್ಲೀಚಿಂಗ್ ಪುಡಿ ಎರಚಿ ಹೋದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ರಾಯಕೋಟೆಯ ನಮ್ಮ ಓನರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದು ನಿಂತಂತಾಯಿತು...

ಎರಡು ಸಾವಿರದ ಐದಾರರ ಮಾತು. ನಾನು ಅಲ್ಲಿ ಟೀಚರ್, ಅವರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದೆ. ಪಕ್ಕದಲ್ಲೇ ಅವರು ರೇಷ್ಮೆ ಹುಳ ಸಾಕುವ ಮನೆ. ಹುಳಕ್ಕೆ ರೋಗ ತಗುಲದಿರಲೆಂದು ಬಾಗಿಲಲ್ಲಿ ಹರಡಿದ ಸುಣ್ಣ, ಬ್ಲೀಚಿಂಗ್ ಪುಡಿ ತುಳಿಯದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಓನರಮ್ಮನಿಗೆ ಎಲ್ಲರ ಮೇಲೂ ಅನುಮಾನ. ಯಾರದೋ ಕಣ್ಣು, ಯಾರದೋ ಕಾಲಿನ ಮಣ್ಣು, ಕೊನೆಗೆ ನನ್ನ ತಲೆಯ ಮಲ್ಲಿಗೆ! ನನಗೋ ಮೈಯೆಲ್ಲ ಉರಿಯುತ್ತಿತ್ತು. ನಾನಿಲ್ಲದಾಗ ನನ್ನ ಕೋಣೆ ಜಾಲಾಡುತ್ತಾರೆಂದು ನನಗೂ ಅವರ ಮೇಲೆ ಗುಮಾನಿ.

ಅವರು ನಂಬುತ್ತಿದ್ದುದು ತಂಗಿಯೊಬ್ಬಳನ್ನೇ. ಜವಳಗಿರಿಗೆ ಕೊಟ್ಟಿದ್ದ ಆಕೆ, ಹುಳ ಜೋರಾಗಿ ಮೇಯುವ ವಾರ ಸೊಪ್ಪು ಕೊಯ್ಯಲು ಬರುತ್ತಿದ್ದಳು.

ಒಂದು ಭಾನುವಾರ ನಾನೂ ಜವಳಗಿರಿ ಕಡೆ ಹೋಗಿದ್ದೆ. ಕಾಡಂಚಿನ ಗಿಡದಲ್ಲಿ ನೇತಾಡುತ್ತಿದ್ದ, ಯಾವುದೋ ಕಾಡುಚಿಟ್ಟೆಯ ಕಂದು ಗೂಡೊಂದನ್ನು ಮಕ್ಕಳಿಗೆ ತೋರಿಸೋಣವೆಂದು ಕೊಂಬೆ ಸಮೇತ ತಂದು ನನ್ನ ಕಿಟಕಿಗೆ ಕಟ್ಟಿದೆ. ಓನರಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿದ್ದರೇ?

ಮೂರು ವಾರದ ಮೇಲೆ ಒಂದು ಬೆಳಗ್ಗೆ ಕೂಗಾಟ. ಹುಳದ ಮನೆಯ ಜಾಲರಿಗೆ ಎರಡು ಅಂಗೈ ಅಗಲದ ಚಿಟ್ಟೆ ಅಂಟಿಕೊಂಡಿತ್ತು. ರೆಕ್ಕೆಯ ತುದಿ ಥೇಟ್ ಹಾವಿನ ತಲೆ. ನನ್ನ ಗೂಡು ನೋಡಿದೆ, ಖಾಲಿ! ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣದ ಹಾಗೆ ಇದೂ ಒಂದು ಪೀಡೆ ಎಂದು ಓನರಮ್ಮ ತಿಳಿದರು. ಹಿಂದಿನ ಸಂಜೆಯಷ್ಟೇ ತಂಗಿ ಊರಿನಿಂದ ಬಂದಿದ್ದಳು.

"ಕಾಡ್ನಿಂದ ನೀನೇ ತಂದ್ಬುಟ್ಟೆ ಕಣೇ. ನನ್ ಹುಳ ಹಾಳಾಗ್ಲಿ ಅಂತ್ಲೇ!"

"ದೇವ್ರಾಣೆ ನಾನಲ್ಲಕ್ಕ..."

ಓನರಮ್ಮ ನನ್ನತ್ತ ತಿರುಗಿದರು. "ಟೀಚರಮ್ಮ, ನಿಮ್ಗೇನಾನ ಗೊತ್ತಾ?"

ಅಂದೇ ಕೋಣೆ ಖಾಲಿ ಮಾಡಿಸುತ್ತಾರೆಂದು ಹೆದರಿ, "ಇಲ್ಲ" ಅಂದುಬಿಟ್ಟೆ.

ಆ ವಾರವೇ ಹುಳಕ್ಕೆ ರೋಗ ಬಿದ್ದು ಬೆಳೆಯೆಲ್ಲ ತಿಪ್ಪೆ ಸೇರಿತು. ಅಕ್ಕ ತಂಗಿಯನ್ನು ಮತ್ತೆ ಹೊಸಿಲು ತುಳಿಯಗೊಡಲಿಲ್ಲ. ಆ ಚಿಟ್ಟೆಗೆ ತಿನ್ನಲು ಬಾಯಿಯೇ ಇಲ್ಲವೆಂದು ಆಮೇಲೆ ಓದಿ ತಿಳಿದೆ. ಆದರೂ ಆ ಕಾಡುಗೂಡು ಏನನ್ನಾದರೂ ಹೊತ್ತು ತಂದಿತ್ತೇನೋ... ಈಗ ಅನುಮಾನವೆಲ್ಲ ನನ್ನ ಮೇಲೇ.

ಓನರಮ್ಮ ತೀರಿಕೊಂಡಾಗ ಹೋಗಿದ್ದೆ. ತಂಗಿ ಅಂಗಳದಲ್ಲೇ ನಿಂತಿದ್ದಳು. "ಕೊನೇಗಂಟ ನಂಬ್ಲಿಲ್ಲ ಟೀಚರಮ್ಮ. ಒಳೀಕೆ ಹೋಗ್ಲಾ, ಬ್ಯಾಡ್ವಾ?" ಬಾಗಿಲಲ್ಲಿ ಸುಣ್ಣವಿರಲಿಲ್ಲ. ಆಕೆ ಮಾತ್ರ ಕಾಲು ಒರೆಸಿಕೊಳ್ಳುತ್ತಲೇ ಇದ್ದಳು.

ಆ ಖಾಲಿ ಗೂಡು ಇನ್ನೂ ನನ್ನ ಬೀರುವಿನಲ್ಲಿದೆ. ಅದನ್ನು ತಂದವಳು ನಾನೇ ಎಂದು ಈಗ ಹೇಳಬಲ್ಲೆ. ನಂಬಬೇಕಾಗಿದ್ದವರೇ ಇಲ್ಲ.