ಅರಿಷಿಣದ ಕೆಳಗಿನ ಹಳದಿ

ಮೊದಲು ತುರಿಸಿದ್ದು ಅಂಗೈ. ಎಂಟನೇ ತಿಂಗಳು ನಡೆದಿತ್ತು. ಹುಕ್ಕೇರಿಯ ಗಂಡನ ಮನೆಯಲ್ಲಿ ಮಷೀನಿನ ಮುಂದೆ ಕೂತು ಯಾರದೋ ಜಂಪರಿಗೆ ಕಾಜಾ ಮಾಡುತ್ತಿದ್ದೆ. ನಾನು ಟೇಲರ್. ಹೊಸ ಬಟ್ಟೆಯ ಗಂಜಿಯದೇ ಕಿತಾಪತಿ ಎಂದುಕೊಂಡು, ಬಟ್ಟೆ ಮಾರಿದವನನ್ನು ಮನಸ್ಸಿನಲ್ಲೇ ಬೈದು ಕೈ ತೊಳೆದುಕೊಂಡೆ.

ಮರುದಿನ ಅಂಗಾಲು. ಆಮೇಲೆ ಮೊಣಕಾಲು, ಬೆನ್ನು. ಒಂದು ಗುಳ್ಳೆ ಇಲ್ಲ, ಒಂದು ಕಲೆ ಇಲ್ಲ. ಬರೀ ತುರಿಕೆ.

ಸೀಮಂತದ ಕುಬಸ ಮುಗಿಸಿ ಅವ್ವ ನನ್ನನ್ನು ತವರಿಗೆ, ತುಕ್ಕಾನಟ್ಟಿಗೆ ಕರೆತಂದಳು. ಅಲ್ಲಿ ಅದು ಇನ್ನೂ ಹೆಚ್ಚಾಯಿತು. ಹೊಸ್ತಿಲಿಗೆ ಅಂಗಾಲು ತಿಕ್ಕಿದೆ. ಬಾಚಣಿಗೆಯಿಂದ ಕಾಲು ಕೆರೆದುಕೊಂಡೆ. ಕೆರೆದಲ್ಲಿ ರಕ್ತ ಬಂತು, ತುರಿಕೆ ಮಾತ್ರ ಹೋಗಲಿಲ್ಲ.

"ಕೂಸಿನ ತಲೀಗೆ ಕೂದಲಾ ಬರಾಕತ್ತಾವ. ಅದಕ್ಕ ಕಡೀತೈತಿ, ತಡ್ಕೊ," ಎಂದಳು ಅವ್ವ.

"ಹಂಗಾರ ಜಡಿ ಹಾಕ್ಕೊಂಡ ಹುಟ್ಟತೈತೇನ?" ಎಂದು ಸಿಡುಕಿದೆ. ಆಕೆ ನಕ್ಕಳು.

ದಿನಾ ಬೆಳಿಗ್ಗೆ ನನ್ನನ್ನು ಬಚ್ಚಲಿನಲ್ಲಿ ಮಣೆಯ ಮೇಲೆ ಕೂಡಿಸುತ್ತಿದ್ದಳು. ಕೊಬ್ಬರಿ ಎಣ್ಣೆಯಲ್ಲಿ ಅರಿಷಿಣ ಕಲಸಿ ಕತ್ತಿನಿಂದ ಅಂಗಾಲಿನವರೆಗೆ ತಿಕ್ಕುವಳು. ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು. ಹೊಲಗೆಲಸ ಮಾಡಿ ಒರಟಾದ ಆಕೆಯ ಅಂಗೈ ಬೆನ್ನಿನ ಮೇಲೆ ಓಡಾಡಿದರೆ ಸಾಕು, ಅಷ್ಟು ಹೊತ್ತು ತುರಿಕೆ ಸುಮ್ಮನಿರುತ್ತಿತ್ತು. ಮದುವೆಯಾದ ಮೇಲೆ ಅವ್ವ ನನಗೆ ಎರೆದದ್ದು ಅದೇ ಮೊದಲು. ತಿಕ್ಕುತ್ತಾ ಊರ ಸುದ್ದಿಯೆಲ್ಲ ಹೇಳುವಳು: ಯಾರ ಎಮ್ಮೆ ಈಯಿತು, ಯಾರ ಸೊಸೆ ಸಿಟ್ಟಾಗಿ ತವರಿಗೆ ಹೋದಳು. ನಾನು ಸಣ್ಣವಳಾಗಿ ಕೂತು ಕೇಳುವೆ. ಈಗ ನನ್ನ ಮಗಳಿಗೆ ಹತ್ತು ತಿಂಗಳು. ಹುಕ್ಕೇರಿಯಲ್ಲಿ ಗಡಿಬಿಡಿಯಿಂದ ಎರಡು ತಂಬಿಗೆ ನೀರು ಸುರಿದುಕೊಳ್ಳುವಾಗ ಆ ಬಚ್ಚಲು ಬಹಳ ನೆನಪಾಗುತ್ತದೆ. ಖರೆ ಹೇಳುತ್ತೇನೆ, ಅಂಥ ಸಂಕಟದಲ್ಲೂ ಆ ಅರ್ಧ ತಾಸು ನಾನು ಸುಖವಾಗಿದ್ದೆ.

ಓಣಿಯ ಹೆಂಗಸರು ನನ್ನನ್ನು ನೋಡಿ ಮೂಗಿನ ಮೇಲೆ ಬೆರಳಿಡುತ್ತಿದ್ದರು. "ಏನ್ ಕಳಾ ಬಂದೈತಿ ನಿನ್ನ ಮಗಳ ಮಾರಿಗೆ! ಬಂಗಾರಧಂಗ ಹೊಳ್ಯಾಕತ್ತಾಳ."

ಅವ್ವನಿಗೆ ಹೆಮ್ಮೆ. ಸಂಜೆ ಮರೆಯದೆ ದೃಷ್ಟಿ ತೆಗೆಯುತ್ತಿದ್ದಳು.

ಮೂರು ವಾರಗಳ ನಂತರ ಗೋಕಾಕದ ಆಸ್ಪತ್ರೆಗೆ ಚೆಕಪ್‌ಗೆ ಹೋದೆವು. ತುರಿಕೆಯ ಮಾತು ನಾನಾಗಿ ಎತ್ತಲಿಲ್ಲ. ಮೈ ಕಡಿಯುವುದನ್ನೂ ಡಾಕ್ಟರಿಗೆ ಹೇಳುತ್ತಾರೆಯೇ? ಬಿಪಿ ನೋಡಲು ತೋಳು ಸರಿಸಿದಾಗ ಡಾಕ್ಟರಮ್ಮನೇ ಗೀರುಗಳನ್ನು ಕಂಡರು.

"ಇದೇನಿದು? ಎಷ್ಟ ದಿನಾತು?"

"ಮೂರ್ನಾಕ ವಾರ ಆತ್ರಿ."

"ಅಂಗೈ, ಅಂಗಾಲು?"

"ಅಲ್ಲೇ ಜಾಸ್ತಿರಿ."

"ಮೂತ್ರ ಹಳದಿ ಹೋಗತೈತೇನು?"

"ಹೌದ್ರಿ. ಉಷ್ಣಕ್ಕ ಅನ್ಕೊಂಡಿದ್ನಿರಿ."

ಅವರು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ನನ್ನ ಮುಂಗೈ ಒರೆಸಿದರು. ಹತ್ತಿ ಹಳದಿಯಾಯಿತು. ಇನ್ನೊಂದು ತೆಗೆದುಕೊಂಡು ಮತ್ತೆ ಒರೆಸಿದರು. ಈ ಸಲ ಹತ್ತಿ ಬೆಳ್ಳಗೇ ಉಳಿಯಿತು. ಮೈ ಮಾತ್ರ ಹಳದಿಯೇ. ರೆಪ್ಪೆ ಕೆಳಗೆಳೆದು ಕಣ್ಣು ನೋಡಿದರು.

"ಇದು ಅರಿಷಿಣ ಅಲ್ಲ."

ಬಸಿರಿನಲ್ಲಿ ಕೆಲವರಿಗೆ ಲಿವರ್ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಪಿತ್ತ ರಕ್ತದಲ್ಲಿ ಸೇರಿ ಮೈಯೆಲ್ಲ ತುರಿಸುತ್ತದೆ. ಕೊಲೆಸ್ಟಾಸಿಸ್ ಎಂದರು. ತಾಯಿಗೆ ತುರಿಕೆಯಷ್ಟೇ, ಹೆರಿಗೆಯಾದ ಮೇಲೆ ಹೋಗುತ್ತದೆ. ಆದರೆ ಪಿತ್ತ ಬಹಳ ಏರಿದರೆ ಒಳಗಿನ ಕೂಸಿನ ಎದೆಬಡಿತ ಒಮ್ಮೆಲೇ ನಿಲ್ಲಬಹುದು.

ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ಬೆಳಿಗ್ಗೆ ಒದ್ದಿತ್ತೇ? ನೆನಪಾಗಲಿಲ್ಲ.

"ನಿಮ್ಮ ಮನಿತನದಾಗ ಯಾರಿಗರ ಹಿಂಗ ಆಗಿತ್ತೇನು?" ಎಂದು ಡಾಕ್ಟರಮ್ಮ ಅವ್ವನನ್ನು ಕೇಳಿದರು.

ಅವ್ವ ಸೆರಗು ಹಿಂಡುತ್ತಾ ಕೂತಿದ್ದಳು. "ನನಗ ಆಗಿತ್ರಿ. ಮೊದಲನೇ ಕೂಸಿನಾಗ. ಒಂಬತ್ತರಾಗ ಹೊಟ್ಯಾಗಿನ ಆಟಾ ನಿಂತಬಿಡ್ತ್ರಿ."

ನಾನೇ ಮೊದಲನೆಯವಳು ಎಂದು ಮೂವತ್ತು ವರ್ಷ ತಿಳಿದಿದ್ದೆ.

ಹೊಟ್ಟೆಗೆ ಬೆಲ್ಟ್ ಕಟ್ಟಿ ಎನ್‌ಎಸ್‌ಟಿ ಎಂಬ ಪರೀಕ್ಷೆ ಮಾಡಿದರು. ಕೂಸಿನ ಎದೆಬಡಿತ ದಡದಡ ಎಂದು ಕೋಣೆಯ ತುಂಬ ಕೇಳಿಸಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಅಂದೇ ಅಡ್ಮಿಟ್. ರಕ್ತ ಬೆಳಗಾವಿಗೆ ಹೋಯಿತು, ರಿಪೋರ್ಟ್‌ನಲ್ಲಿ ಪಿತ್ತ ಏರಿತ್ತು. ಗುಳಿಗೆ ಶುರುವಾಯಿತು. ಮೂವತ್ತೇಳು ವಾರ ತುಂಬಿದ ಕೂಡಲೇ ನೋವು ಬರಿಸಿ ಹೆರಿಗೆ ಮಾಡಿಸುವುದೆಂದು ನಿರ್ಧಾರವಾಯಿತು.

ಆ ವಾರ ಕೂಸಿನ ಒದೆತ ಎಣಿಸುವುದೇ ನನ್ನ ಕೆಲಸ. ಅವ್ವ ಬಾಜೂಕ್ಕೆ ಸ್ಟೂಲಿನ ಮೇಲೆ, ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂಡುತ್ತಿದ್ದಳು. ಉಗುರುಗಳಲ್ಲಿ ಇನ್ನೂ ಹಳದಿ ಇತ್ತು. ನನ್ನನ್ನು ಮುಟ್ಟುತ್ತಲೇ ಇರಲಿಲ್ಲ.

"ರೋಗದ ಮ್ಯಾಲ ನಾನ ಅರಿಷಿಣ ಬಳದ ಮುಚ್ಚಿದ್ನೆಲ್ಲ ಯವ್ವಾ. ನನ್ನ ಕೈಯ ಸುಡಲಿ."

ನನಗೆ ರೇಗಿತು. "ಬಿಡಬೇ ಸಾಕು. ನಿನ್ನ ಕೈಯ ಸುಟ್ರ ನನ್ನ ಬೆನ್ನ ಯಾರ ತಿಕ್ಕಬೇಕ? ಬಾ, ಕಡ್ಯಾಕತ್ತೈತಿ."

ಅಳುತ್ತಾ ತಿಕ್ಕಿದಳು. ಎಣ್ಣೆಯಿಲ್ಲ, ಅರಿಷಿಣವಿಲ್ಲ. ಬರೀ ಕೈ.

ಮಗಳು ಹುಟ್ಟಿದಳು. ಎರಡು ಕಿಲೋ ನಾನೂರು ಗ್ರಾಂ. ತಲೆಯ ಮೇಲೆ ಎಣಿಸಿ ನಾಲ್ಕು ಕೂದಲು. ಹುಟ್ಟಿದವಳೇ ಆಸ್ಪತ್ರೆ ಕಿತ್ತುಹೋಗುವಂತೆ ಚೀರಿದಳು. ಚೀರಲಿ ಬಿಡು ಎಂದುಕೊಂಡೆ.

ಮೂರನೇ ದಿನ ತುರಿಕೆ ನಿಂತಿತ್ತು. ಯಾವಾಗ ನಿಂತಿತೆಂದು ಗೊತ್ತೇ ಆಗಲಿಲ್ಲ. ಕಾಲಿನ ಮೇಲೆ ಕಪ್ಪು ಗೀರುಗಳು ಉಳಿದವು, ಇಂದಿಗೂ ಇವೆ. ಬಾಣಂತನದಲ್ಲಿ ಹೊರಸಿನ ಕೆಳಗೆ ಕೆಂಡದ ಶಾಖ, ಮೈತುಂಬ ಬಟ್ಟೆ. ಹದಿನೈದನೇ ದಿನಕ್ಕೆ ಮತ್ತೆ ಬೆನ್ನು ತುರಿಸಿತು. ಅವ್ವ ಓಡಿಬಂದು ಬೆನ್ನ ಮೇಲಿನ ಬಟ್ಟೆ ಸರಿಸಿದಳು. ನೋಡಿದರೆ ಸಣ್ಣ ಸಣ್ಣ ಗುಳ್ಳೆಗಳು. ಬರೀ ಬೆವರುಸಾಲೆ. ಗುಳ್ಳೆ ಎದ್ದದ್ದಕ್ಕೆ ಇಬ್ಬರೂ ಅಷ್ಟೊಂದು ನಕ್ಕೆವು. ಕೆಂಡದ ಬುಟ್ಟಿ ಅಂದೇ ಹೊರಗೆ ಹೋಯಿತು.

ಒಂದೂವರೆ ತಿಂಗಳಿಗೆ ಮತ್ತೆ ಗೋಕಾಕ. ಲಿವರ್ ಟೆಸ್ಟ್ ನಾರ್ಮಲ್ ಬಂದಿತ್ತು. ಇನ್ನೊಂದು ಬಸಿರಿನಲ್ಲೂ ಇದು ಬರಬಹುದು, ಮೊದಲ ದಿನವೇ ಹೇಳಬೇಕು ಎಂದರು ಡಾಕ್ಟರಮ್ಮ. ಹೂಂ ಎಂದು ಎದ್ದೆ. ಅವ್ವ ಏಳಲಿಲ್ಲ.

"ಒಂದ ಮಾತ ಕೇಳಲೇನ್ರಿ? ಆಗ ನಾ ಬಸರಿದ್ದಾಕಿ ಹೊಳಿ ದಾಟಿ ಮದಿವಿಗೆ ಹೋಗಿದ್ನಿರಿ. ಹೋಗಬ್ಯಾಡ ಅಂದಿದ್ರು, ಕೇಳಲಿಲ್ಲ. ಅದಕ್ಕ ಕೂಸ ಹೋತು ಅಂದ್ರು ಎಲ್ಲಾರೂ. ಖರೆ ಏನ್ರಿ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೊಳಿ ಏನ್ ಮಾಡತೈತ್ರಿ ಅವ್ವಾರ? ಆಗಿನ ರಿಪೋರ್ಟ್ ಇಲ್ಲ, ಪಕ್ಕಾ ಹೇಳಾಕ ಆಗಂಗಿಲ್ಲ. ಇದ ರೋಗ ಇದ್ದಿರಬೇಕು. ನಿಮ್ಮ ತಪ್ಪಂತೂ ಅಲ್ಲ."

ಅವ್ವ ಕೈಮುಗಿದಳು. ಬಸ್‌ಸ್ಟ್ಯಾಂಡಿನವರೆಗೆ ಕೂಸನ್ನು ತಾನೇ ಎತ್ತಿಕೊಂಡು ನಡೆದಳು.

ಬಸ್ಸಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಿಟಕಿಯ ಬದಿಗೆ ಕೂತಳು. ಮುಂದಿನ ಸೀಟಿನ ಹೆಂಗಸು ತಿರುಗಿ ಕೂಸನ್ನು ಮಾತಾಡಿಸಿ, "ಮಮ್ಮಗಳೇನ್ರಿ? ನಿಮಗ ಎಷ್ಟ ಮಂದಿ ಮಕ್ಕಳ್ರಿ?" ಎಂದು ಕೇಳಿದಳು.

ನಾನು, ನನ್ನ ತಮ್ಮ. ಇಬ್ಬರು. ಈ ಪ್ರಶ್ನೆಗೆ ಅವ್ವ ಯಾವಾಗಲೂ ಕೊಟ್ಟ ಉತ್ತರ ಅದೇ.

"ಮೂರ ಮಂದಿರಿ," ಎಂದಳು ಅವ್ವ. "ದೊಡ್ಡಾಕಿ ಉಳೀಲಿಲ್ಲ. ಈಕಿ ಎರಡನೇದಾಕಿ."