ಸಂಘದ ಚಾಪೆಯ ಮೇಲೆ ದೊಡ್ಡಮ್ಮ

ಪುಸ್ತಕದ ಎರಡು ಪುಟಗಳ ನಡುವೆ ಕಡಲೆಬೀಜದ ಕೆಂಪು ಸಿಪ್ಪೆಯೊಂದು ಅಂಟಿಕೊಂಡಿತ್ತು, ಬೆರಳು ತಾಗಿದರೆ ಪುಡಿಯಾಗುವಷ್ಟು ತೆಳು. ಹಿಂದೂಪುರದ ನನ್ನ ಕೋಣೆಯಲ್ಲಿ, ಸೋಮವಾರ ಕಾಲೇಜಿನಲ್ಲಿ ಹೇಳಬೇಕಿದ್ದ ಪಾಠಕ್ಕೆಂದು, ಎಂ.ಎ. ದಿನಗಳ ಆ ಇತಿಹಾಸದ ಪುಸ್ತಕವನ್ನು ಶನಿವಾರ ಸಂಜೆಯೇ ತೆರೆದಿದ್ದೆ. ಊರಿನಲ್ಲಿ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನೆನಪಾದರು.

ಕಲ್ಯಾಣದುರ್ಗದ ಹತ್ತಿರದ ನಮ್ಮೂರಿನಲ್ಲಿ ಅವರದು ಗಂಡಸಿಲ್ಲದ ಮನೆ. ಅವರು, ಮಗಳು, ಒಂದು ಜೊತೆ ಎತ್ತು, ಕಡಲೆಕಾಯಿ ಬೆಳೆಯುವ ಕೆಂಪು ನೆಲ. ಎಂ.ಎ. ಓದುವಾಗ ರಜೆಗೆ ಬಂದರೆ ನನ್ನ ಓದು ಅವರ ಜಗಲಿಯಲ್ಲೇ. ಬಿತ್ತನೆಗೆ ಕಾಯಿ ಸುಲಿಯುತ್ತ, ನನ್ನ ಮುಂದೆಯೂ ಒಂದಿಷ್ಟು ಬೀಜ ಇಟ್ಟು, ಏನು ಓದುತ್ತಿದ್ದೀಯೆಂದು ಕೇಳುತ್ತಿದ್ದರು. ನೂರು ವರ್ಷಕ್ಕೂ ಹಿಂದೆ ಅಮೇರಿಕದ ಹಳ್ಳಿಗಳಲ್ಲಿ ರೈತರು ಸಂಘ ಕಟ್ಟಿಕೊಂಡು ಫಸಲನ್ನು ಒಟ್ಟಿಗೆ ಮಾರಿದ್ದನ್ನು ಹೇಳಿದೆ. ಕೆಲವರಾದರೂ ಹೆಂಗಸರು ಸೇರದೆ ಅಲ್ಲಿ ಯಾವ ಊರಿನ ಸಂಘವೂ ಶುರುವಾಗುವಂತೆಯೇ ಇರಲಿಲ್ಲ ಎಂದೆ. ಅವರ ಕೈ ನಿಂತಿತು.

“ಸಭೆ ಒಳಗೇ ಕೂರ್ತಿದ್ರೇನಮ್ಮ?”

“ಒಳಗೇ ದೊಡ್ಡಮ್ಮ. ಗಂಡಸರ ಹಂಗೇ ಓಟೂ ಹಾಕ್ತಿದ್ರು.”

ನಮ್ಮೂರಲ್ಲೂ ಆಗಷ್ಟೇ ರೈತರ ಸಂಘವಾಗಿತ್ತು. ಸದಸ್ಯರ ಕಾಯನ್ನೆಲ್ಲ ಒಂದೇ ಲಾರಿಯಲ್ಲಿ ಹಿಂದೂಪುರಕ್ಕೆ ಕಳಿಸುವ ಏರ್ಪಾಡು. ಆದರೆ ನೇಗಿಲು ಹಿಡಿಯುವವನೇ ಸದಸ್ಯ ಎಂದು ಮಾಡಿಕೊಂಡಿದ್ದರು. ಹೆಂಗಸರು ನೇಗಿಲು ಮುಟ್ಟುವ ವಾಡಿಕೆಯಿಲ್ಲ. ಹಾಗಾಗಿ ದೊಡ್ಡಮ್ಮನ ಕಾಯಿ ಬಾಗಿಲಿಗೆ ಬಂದ ದಲ್ಲಾಳಿ ಹೇಳಿದ ಬೆಲೆಗೇ ಹೋಗಬೇಕಿತ್ತು.

ಮುಂದಿನ ಸಭೆಗೆ ಅವರು ನಡೆದೇಬಿಟ್ಟರು. ನಾನು ಸಭೆ ನಡೆಯುತ್ತಿದ್ದ ಶಾಲೆಯ ಕಿಟಕಿಯ ಹೊರಗೆ ನಿಂತಿದ್ದೆ. ತಮ್ಮನ್ನೂ ಸೇರಿಸಿಕೊಳ್ಳಿರೆಂದು ಅವರು ಅಮೇರಿಕದ ಸುದ್ದಿ ತೆಗೆದಾಗ ಮೈದುನ ವರಸೆಯವನೊಬ್ಬ, “ಅಂಗಾದ್ರೆ ಅಮೇರಿಕಾಕ್ಕೇ ಹೋಗಿ ಕೂತ್ಕೋ ಅತ್ತಿಗೆ,” ಎಂದ. ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕರು.

“ಹೋಯ್ತೀನಿ ಕಣಪ್ಪ. ನೀನು ಸಾಲು ಹೊಡೀತೀಯ, ಹಿಂದೆ ಬೀಜ ಹಾಕೋರು ನಾವು. ಬರೀ ಸಾಲನ್ನೇ ಹಿಂದೂಪುರಕ್ಕೆ ಕಳಿಸ್ತೀಯಾ?”

ಹಿರಿಯರೊಬ್ಬರು, “ಪೋನೀಲೆಮ್ಮ, ಹೋಗ್ಲಿ ಬಿಡು, ಬಾ ಕೂತ್ಕೋ,” ಎಂದು ಚಾಪೆಯ ಮೇಲೆ ಸರಿದು ಜಾಗ ಮಾಡಿದರು. ಆ ವರ್ಷದ ಲಾರಿಯಲ್ಲಿ ದೊಡ್ಡಮ್ಮನ ಮೂಟೆಗಳೂ ಹೋದವು. ಆಮೇಲೆ ಒಂದು ಸಭೆಯನ್ನೂ ಅವರು ತಪ್ಪಿಸಲಿಲ್ಲ. ಊರ ಸುದ್ದಿಗಿಂತ ಸಂಘದ ಸುದ್ದಿಯನ್ನೇ ನನಗೆ ಹೆಚ್ಚು ಹೇಳುತ್ತಿದ್ದರು, ನಗುನಗುತ್ತ...

ಹೋದ ವರ್ಷ ಅವರು ತೀರಿಕೊಂಡರು. ಹೊಲ ಈಗ ಮಗಳದು. ಅಷ್ಟು ಗಂಡಸರ ನಡುವೆ ಒಬ್ಬಳೇ ಕೂರಲು ಸಂಕೋಚವೆಂದು ಅವಳು ಸಭೆಗೆ ಹೋಗುತ್ತಿಲ್ಲ, ದಲ್ಲಾಳಿ ಮತ್ತೆ ಬರತೊಡಗಿದ್ದಾನೆ ಎಂದು ಅಮ್ಮ ಹೇಳಿದ್ದರು.

ಮರುದಿನ ಭಾನುವಾರ ಸಂಘದ ಸಭೆ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು, ದೊಡ್ಡಮ್ಮನ ಮಗಳನ್ನು ಕರೆದುಕೊಂಡು ಶಾಲೆಗೆ ಹೋದೆ. ಅವಳು ಒಳಗೆ ಹೋಗಿ ಕೂತಳು. ನನಗೆ ಹೊಲವಿಲ್ಲ, ನಾನು ಅವಳಿಗೆ ಕಾಣುವಂತೆ ಬಾಗಿಲ ಹೊರಗೆ ಕೂತೆ.